ಬ್ರಿಟಿಷ್ ಕಾಲದ ಭತ್ಯೆ: ಸಾಹೇಬರಿಗೊಂದು ಅಳತೆ, ಕಾರಕೂನರಿಗೊಂದು ಅಳತೆ

ಪ್ರಶ್ನೆ: ನಮ್ಮ ಅಜ್ಜ ಧಾರವಾಡದ ಕಲೆಕ್ಟರ್ ಕಚೇರಿಯಲ್ಲಿ ಕಾರಕೂನರಾಗಿದ್ದರು. ಅವರು ಕಾಪಾಡಿಟ್ಟಿದ್ದ ಹಳೆಯ ಕಾಗದಗಳಲ್ಲಿ ಎರಡನೆಯ ಮಹಾಯುದ್ಧದ ವರ್ಷಗಳಿಂದ ಸಂಬಳದ ಜೊತೆಗೆ ತುಟ್ಟಿಭತ್ಯೆ ಬೇರೆಯಾಗಿ ಕಾಣಿಸುತ್ತದೆ. ಅದಕ್ಕೆ ಹಿಂದಿನ ಕಾಗದಗಳಲ್ಲಿ ಅದು ಇಲ್ಲವೇ ಇಲ್ಲ. ಬ್ರಿಟಿಷ್ ಸರ್ಕಾರ ತನ್ನ ಅಧಿಕಾರಿಗಳ ಜೀವನವೆಚ್ಚವನ್ನು ಹೇಗೆ ಅಳೆಯುತ್ತಿತ್ತು? ಕಲೆಕ್ಟರ್ ಸಾಹೇಬರಿಗೂ ಅಜ್ಜನಿಗೂ ಒಂದೇ ಲೆಕ್ಕವಿತ್ತೇ?

ಉತ್ತರ: ಒಂದೇ ಲೆಕ್ಕ ಇರಲಿಲ್ಲ. ಸಾಹೇಬರ ವಿಷಯದಲ್ಲಿ ಸರ್ಕಾರ ಕೇಳಿಕೊಳ್ಳುತ್ತಿದ್ದ ಪ್ರಶ್ನೆ, ಈ ಮನುಷ್ಯ ತನ್ನ ಅಂತಸ್ತಿಗೆ ತಕ್ಕಂತೆ ಬದುಕಲು ಎಷ್ಟು ಬೇಕು ಎಂಬುದು. ನಿಮ್ಮ ಅಜ್ಜನ ವಿಷಯದಲ್ಲಿ ಕೇಳುತ್ತಿದ್ದದ್ದು, ಇವನ ಮನೆಯಲ್ಲಿ ಒಲೆ ಉರಿಯಲು ಕನಿಷ್ಠ ಎಷ್ಟು ಸಾಕು ಎಂಬುದು. ಮೊದಲನೆಯ ಪ್ರಶ್ನೆಗೆ ಲಂಡನ್ನಿನಿಂದ ಬಂದ ಆಯೋಗಗಳು ಉತ್ತರ ಬರೆದವು. ಎರಡನೆಯದಕ್ಕೆ ಜೋಳ, ಅಕ್ಕಿ, ಸೀಮೆಎಣ್ಣೆಯ ಬೆಲೆಪಟ್ಟಿಗಳು ಉತ್ತರ ಕೊಟ್ಟವು. ಇಂದು ಸರ್ಕಾರಿ ನೌಕರರು ವರ್ಷಕ್ಕೆರಡು ಬಾರಿ ಎದುರುನೋಡುವ ತುಟ್ಟಿಭತ್ಯೆ ಹುಟ್ಟಿದ್ದು ಈ ಎರಡನೆಯ ದಾರಿಯಲ್ಲಿ.

ಸಾಹೇಬರ ಕಡೆಯಿಂದ ಆರಂಭಿಸುತ್ತೇನೆ, ಏಕೆಂದರೆ ಮೊದಲು ಗದ್ದಲ ಎದ್ದದ್ದು ಅಲ್ಲಿ. 1870ರ ದಶಕದ ಆರಂಭದಲ್ಲಿ ಒಂದು ರೂಪಾಯಿಗೆ ಹೆಚ್ಚುಕಡಿಮೆ ಎರಡು ಶಿಲ್ಲಿಂಗ್ ಸಿಗುತ್ತಿತ್ತು (ಆಗ ಹನ್ನೆರಡು ಪೆನ್ಸ್‌ಗೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗ್‌ಗೆ ಒಂದು ಪೌಂಡ್). ಆಮೇಲೆ ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಕುಸಿಯುತ್ತ ಹೋಯಿತು. ನಮ್ಮ ರೂಪಾಯಿ ಬೆಳ್ಳಿಯದು, ಇಂಗ್ಲೆಂಡಿನ ಪೌಂಡು ಚಿನ್ನದ್ದು. 1893ರ ಹೊತ್ತಿಗೆ ರೂಪಾಯಿಯ ಬೆಲೆ ಸುಮಾರು ಒಂದು ಶಿಲ್ಲಿಂಗ್ ಎರಡು ಪೆನ್ಸ್‌ಗೆ ಇಳಿದಿತ್ತು. ಆ ವರ್ಷದ ಜೂನ್‌ನಲ್ಲಿ ಸರ್ಕಾರ ಖಾಸಗಿಯವರ ಬೆಳ್ಳಿಗೆ ಟಂಕಸಾಲೆಗಳ ಬಾಗಿಲು ಮುಚ್ಚಿದ್ದು ಇದೇ ಕಾರಣಕ್ಕೆ. ಇಲ್ಲಿ ರೂಪಾಯಿಯಲ್ಲಿ ಸಂಬಳ ಪಡೆದು, ಇಂಗ್ಲೆಂಡಿನಲ್ಲಿರುವ ಹೆಂಡತಿಗೂ ಮಕ್ಕಳ ಶಾಲೆಗೂ ಪೌಂಡಿನಲ್ಲಿ ಹಣ ಕಳುಹಿಸಬೇಕಾದವನಿಗೆ ಇದರಿಂದ ನಿಜವಾಗಿಯೂ ಪೆಟ್ಟು ಬಿದ್ದಿತು. ವರ್ಷಕ್ಕೆ 500 ಪೌಂಡ್ ಕಳುಹಿಸಲು ಮೊದಲು 5,000 ರೂಪಾಯಿ ಸಾಕಾಗುತ್ತಿತ್ತು. ಹೊಸ ದರದಲ್ಲಿ ಅದಕ್ಕೆ 8,571 ರೂಪಾಯಿ ಬೇಕಾಯಿತು.

ಸರ್ಕಾರ ಅದೇ ವರ್ಷ ವಿನಿಮಯ ಪರಿಹಾರ ಭತ್ಯೆಯನ್ನು ಜಾರಿಗೆ ತಂದಿತು. ಭಾರತದಲ್ಲಿ ನೆಲೆ ಹೂಡದ ಯುರೋಪಿಯನ್ ಮತ್ತು ಯುರೇಷಿಯನ್ ನೌಕರರಿಗೆ ಸಂಬಳದ ಅರ್ಧ ಭಾಗವನ್ನು, ವರ್ಷಕ್ಕೆ 1,000 ಪೌಂಡಿನ ಮಿತಿಯೊಳಗೆ, ಮಾರುಕಟ್ಟೆ ದರದ ಬದಲು ಒಂದು ಶಿಲ್ಲಿಂಗ್ ಆರು ಪೆನ್ಸ್‌ನ ದರದಲ್ಲಿ ಎಣಿಸಿ ವ್ಯತ್ಯಾಸವನ್ನು ತುಂಬಿಕೊಡುವುದು ಅದರ ಕ್ರಮ. ಲೆಕ್ಕ ನಡೆದದ್ದು ಸಂಬಳದ ಅರ್ಧದ ಮೇಲೆ. ಯಾರು ನಿಜಕ್ಕೂ ಎಷ್ಟು ಹಣ ಊರಿಗೆ ಕಳುಹಿಸಿದರು ಎಂಬುದರ ಮೇಲಲ್ಲ. ತಿಂಗಳಿಗೆ 2,000 ರೂಪಾಯಿ ಸಂಬಳದ ಅಧಿಕಾರಿಯನ್ನು ತೆಗೆದುಕೊಳ್ಳಿ. ಅವನ ವಾರ್ಷಿಕ ಸಂಬಳದ ಅರ್ಧ 12,000 ರೂಪಾಯಿ. ಮಾರುಕಟ್ಟೆ ದರ 14 ಪೆನ್ಸ್, ರಿಯಾಯಿತಿ ದರ 18 ಪೆನ್ಸ್ ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 3,429 ರೂಪಾಯಿ ಹೆಚ್ಚುವರಿಯಾಗಿ ಕೈಸೇರುತ್ತದೆ. ತಿಂಗಳಿಗೆ ಹತ್ತು ರೂಪಾಯಿ ದುಡಿಯುವ ಇಪ್ಪತ್ತೆಂಟು ಪಟ್ಟೇವಾಲರ ಇಡೀ ವರ್ಷದ ಸಂಬಳ ಅದು. ಹಣ ಬಂದದ್ದಾದರೂ ಎಲ್ಲಿಂದ? ಭೂಕಂದಾಯ, ಉಪ್ಪಿನ ಸುಂಕಗಳಿಂದ ತುಂಬುವ ಬೊಕ್ಕಸದಿಂದಲೇ. ಆ ವರ್ಷದ ಕೊನೆಯಲ್ಲಿ ದಾದಾಭಾಯಿ ನವರೋಜಿಯವರ ಅಧ್ಯಕ್ಷತೆಯಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ ಈ ಭತ್ಯೆಯನ್ನು ವಿರೋಧಿಸಿ ನಿರ್ಣಯ ಮಾಡಿತು. 1897ರಲ್ಲಿ, ಭಾರತ ಸರ್ಕಾರದ ಖರ್ಚುವೆಚ್ಚವನ್ನು ಪರಿಶೀಲಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿದ ಗೋಪಾಲಕೃಷ್ಣ ಗೋಖಲೆಯವರೂ ಇದನ್ನು ಟೀಕಿಸಿದರು. ಅವರ ಆಕ್ಷೇಪ ಪೂರ್ತಿ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ನಷ್ಟ ಆದವನಿಗೂ ಆಗದವನಿಗೂ ಒಂದೇ ಸಮನೆ ಹಂಚುವ ಹಣವನ್ನು ಪರಿಹಾರ ಎನ್ನಲಾಗದು.

ಮೊದಲ ಮಹಾಯುದ್ಧದ ಹೊತ್ತಿಗೆ ಅದೇ ಸಮಸ್ಯೆ ಬೇರೆ ರೂಪದಲ್ಲಿ ಬಂತು. ಸರ್ಕಾರಿ ಸೇವೆಗಳ ಬಗ್ಗೆ ಐಲಿಂಗ್ಟನ್ ಅಧ್ಯಕ್ಷತೆಯ ರಾಯಲ್ ಆಯೋಗ 1912ರಲ್ಲಿ ನೇಮಕವಾಯಿತು. ಅದರ ವರದಿ ಪ್ರಕಟವಾದದ್ದು 1917ರಲ್ಲಿ. ಯೋಗ್ಯರಾದ ಅಭ್ಯರ್ಥಿಗಳು ಸಿಗುವಷ್ಟು, ಸಿಕ್ಕವರು ಆಮಿಷಕ್ಕೆ ಬೀಳದೆ ಘನತೆಯಿಂದ ಬದುಕಿ ಸೇವಾವಧಿಯುದ್ದಕ್ಕೂ ದಕ್ಷರಾಗಿ ಉಳಿಯುವಷ್ಟು ಮಾತ್ರ ಸರ್ಕಾರ ಸಂಬಳ ಕೊಡಬೇಕು ಎಂಬುದು ಅದರ ಸೂತ್ರ. ಕೇಳಲು ಇದು ನಿಷ್ಪಕ್ಷಪಾತವಾಗಿದೆ. ಆದರೆ ಯಾರ ಘನತೆಗೆ ಎಷ್ಟು ಬೇಕು ಎಂದು ನಿರ್ಧರಿಸುವವರು ಯಾರು ಎಂದು ಕೇಳಿದ ಕೂಡಲೇ ಅದರ ಒಲವು ಗೊತ್ತಾಗುತ್ತದೆ. ಒಂದೇ ಹುದ್ದೆಗೆ ಮೂಲವೇತನ ಒಂದು, ಅದರ ಮೇಲೆ ಹೊರನಾಡಿನಿಂದ ಬಂದವರಿಗೆ ಸಾಗರೋತ್ತರ ವೇತನ ಇನ್ನೊಂದು ಎಂಬ ಏರ್ಪಾಡು ಗಟ್ಟಿಯಾದದ್ದು ಈ ಚಿಂತನೆಯಿಂದ.

ಯುದ್ಧ ಮುಗಿದ ಮೇಲೆ ಬೆಲೆಗಳು ದುಪ್ಪಟ್ಟಿನ ಹತ್ತಿರ ಹೋಗಿದ್ದವು. ಹಡಗಿನ ದರ ಏರಿತ್ತು, ಇಂಗ್ಲೆಂಡಿನ ಶಾಲೆಗಳ ಶುಲ್ಕ ಏರಿತ್ತು, ಯುವಕರು ಐಸಿಎಸ್ (ಇಂಡಿಯನ್ ಸಿವಿಲ್ ಸರ್ವಿಸ್) ಕಡೆ ಮುಖ ಮಾಡುತ್ತಿರಲಿಲ್ಲ. 1923ರಲ್ಲಿ ಲಾರ್ಡ್ ಲೀ ಅಧ್ಯಕ್ಷತೆಯಲ್ಲಿ ಮತ್ತೊಂದು ರಾಯಲ್ ಆಯೋಗ ಬಂತು, ಮರುವರ್ಷ ವರದಿ ಕೊಟ್ಟಿತು. ಇಡೀ ವಿಷಯದಲ್ಲಿ ಹೆಚ್ಚು ಗಮನವಿಟ್ಟು ನೋಡಬೇಕಾದ ಜಾಗ ಇದು. ಆಯೋಗ ಮೂಲವೇತನವನ್ನು ಹೆಚ್ಚಿಸಲು ಹೇಳಲಿಲ್ಲ. ಮೂಲವೇತನ ಹೆಚ್ಚಿಸಿದ್ದರೆ ಅದು ಅದೇ ಸೇವೆಯಲ್ಲಿದ್ದ ಭಾರತೀಯರಿಗೂ ಸಿಗುತ್ತಿತ್ತು; ಸೇವೆಗಳಲ್ಲಿ ಭಾರತೀಯರ ಪಾಲು ಹೆಚ್ಚಬೇಕೆಂದು ಅದೇ ವರದಿ ಹೇಳಿದ್ದರಿಂದ ಖರ್ಚು ವರ್ಷ ವರ್ಷ ಬೆಳೆಯುತ್ತಿತ್ತು. ಆದ್ದರಿಂದ ಏರಿಕೆಯನ್ನೆಲ್ಲ ಭತ್ಯೆಯ ಬಾಗಿಲಿನಿಂದ ಒಳಗೆ ತಂದರು. ಸಾಗರೋತ್ತರ ವೇತನವನ್ನು ರೂಪಾಯಿಗೆ ಎರಡು ಶಿಲ್ಲಿಂಗ್ ದರದಲ್ಲಿ ಇಂಗ್ಲೆಂಡಿಗೆ ಕಳುಹಿಸಬಹುದು ಎಂದರು. 1927ರಲ್ಲಿ ಕಾನೂನಿನ ಮೂಲಕ ನಿಗದಿಯಾದ ದರ ಒಂದು ಶಿಲ್ಲಿಂಗ್ ಆರು ಪೆನ್ಸ್ ಮಾತ್ರ ಎಂಬುದನ್ನು ಜೊತೆಗಿಟ್ಟು ನೋಡಿದರೆ ಇದರಲ್ಲಿದ್ದ ಲಾಭ ತಿಳಿಯುತ್ತದೆ. ಏಷ್ಯೇತರ ಮೂಲದ ಅಧಿಕಾರಿಗೆ ಸೇವಾವಧಿಯಲ್ಲಿ ನಾಲ್ಕು ಬಾರಿ ಹೋಗಿ ಬರುವ ಹಡಗಿನ ಖರ್ಚು, ಹೆಂಡತಿಗೂ ಅಷ್ಟೇ, ಮಕ್ಕಳಿಗೆ ತಲಾ ಒಂದು ಪ್ರಯಾಣ ಎಂದರು. ಕೇಂದ್ರ ಶಾಸನಸಭೆ 1924ರ ಸೆಪ್ಟೆಂಬರ್‌ನಲ್ಲಿ ಮೋತಿಲಾಲ್ ನೆಹರೂ ಅವರ ತಿದ್ದುಪಡಿಯನ್ನು ಒಪ್ಪಿ ಈ ವರದಿಯನ್ನು ತಿರಸ್ಕರಿಸಿತು. ಆದರೂ ಅದರ ಮುಖ್ಯ ಶಿಫಾರಸುಗಳು ಜಾರಿಯಾದವು, ಏಕೆಂದರೆ 1919ರ ಭಾರತ ಸರ್ಕಾರ ಕಾಯ್ದೆಯ ಪ್ರಕಾರ ಲಂಡನ್ನಿನಲ್ಲಿದ್ದ ಭಾರತ ಮಂತ್ರಿ ನೇಮಿಸಿದ ಅಧಿಕಾರಿಗಳ ಸಂಬಳದ ಮೇಲೆ ಸಭೆಗೆ ಮತದಾನದ ಹಕ್ಕೇ ಇರಲಿಲ್ಲ.

ಇಷ್ಟೆಲ್ಲದರಲ್ಲಿ ಸೂಚ್ಯಂಕ, ಅಂದರೆ ಬೆಲೆಗಳ ಏರಿಳಿತವನ್ನು ಅಳೆಯುವ ಅಂಕಿ, ಎಲ್ಲಿದೆ? ಮೇಲಿನ ಅಧಿಕಾರಿಗಳ ಭತ್ಯೆ ಯಾವ ಬೆಲೆ ಸೂಚ್ಯಂಕಕ್ಕೂ ಕಟ್ಟುಬಿದ್ದಿರಲಿಲ್ಲ. ಮನವಿಪತ್ರಗಳು, ಸಾಕ್ಷ್ಯಗಳು, ಮನೆಖರ್ಚಿನ ಪಟ್ಟಿಗಳು, ಆಯೋಗದ ಸದಸ್ಯರ ವಿವೇಚನೆ, ಇವುಗಳ ಮೇಲೆ ನಿರ್ಧಾರವಾಗುತ್ತಿತ್ತು. ಬಾಯಿ ಇದ್ದವರಿಗೆ ಅಂಕಿಗಳ ಅಗತ್ಯ ಬೀಳಲಿಲ್ಲ.

ಆದರೆ ಒಂದು ನಿಯಮವನ್ನು ಮಾತ್ರ ಈ ಆಡಳಿತದಿಂದ ನಾವು ಗೌರವದಿಂದಲೇ ಉಳಿಸಿಕೊಂಡಿದ್ದೇವೆ. 1922ರ ಜನವರಿ 1ರಂದು ಜಾರಿಗೆ ಬಂದ, ಸರ್ಕಾರಿ ನೌಕರರ ಸಂಬಳ, ಸೇವೆಗಳ ಮೂಲಭೂತ ನಿಯಮಗಳಲ್ಲಿ (ಫಂಡಮೆಂಟಲ್ ರೂಲ್ಸ್) ನಲವತ್ತನಾಲ್ಕನೆಯದು ಪರಿಹಾರ ಭತ್ಯೆಗಳಿಗೆ ಸಂಬಂಧಿಸಿದ್ದು. ಕರ್ತವ್ಯ ನಡೆಯುವ ವಿಶೇಷ ಸನ್ನಿವೇಶದಿಂದಾಗಿ ಬೀಳುವ ಖರ್ಚನ್ನು ತುಂಬಲು ಭತ್ಯೆ. ಅದು ಒಟ್ಟಾರೆ ಪಡೆಯುವವನಿಗೆ ಲಾಭದ ಮೂಲವಾಗದಂತೆ ಮೊತ್ತವನ್ನು ನಿಗದಿಪಡಿಸಬೇಕು ಎಂಬುದು ಅದರ ತಿರುಳು. ಮುಂಬಯಿಯ ದುಬಾರಿ ಬಾಡಿಗೆಗೆ, ಸಿಮ್ಲಾಕ್ಕೆ ಬೇಸಿಗೆಯಲ್ಲಿ ಕಚೇರಿ ಸಾಗಿಸಿದಾಗ ಗುಮಾಸ್ತರ ಮೇಲೆ ಬೀಳುವ ಹೊರೆಗೆ, ಮಲೇರಿಯಾ ಪೀಡಿತ ಸೀಮೆಗಳಿಗೆ ಕೊಡುತ್ತಿದ್ದ ಸ್ಥಳೀಯ ಭತ್ಯೆಗಳೆಲ್ಲ ಈ ಚೌಕಟ್ಟಿನೊಳಗೆ ಬರುತ್ತವೆ. ಇದನ್ನು ಬರೆದವರೇ ಸಾಹೇಬರ ವಿಷಯದಲ್ಲಿ ಎಷ್ಟು ಸಡಿಲ ಬಿಟ್ಟರು ಎಂಬುದು ಬೇರೆ ಮಾತು. ನಿಯಮ ಮಾತ್ರ ಒಳ್ಳೆಯದು, ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಅದು ಇಂದಿಗೂ ಬದುಕಿದೆ.

ಈಗ ನಿಮ್ಮ ಅಜ್ಜನ ಮೇಜಿನ ಬಳಿಗೆ ಬರೋಣ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಆಗ ಮುಂಬಯಿ ಪ್ರಾಂತದಲ್ಲಿದ್ದವು. ಬಳ್ಳಾರಿ, ಮಂಗಳೂರು ಮದರಾಸಿಗೆ ಸೇರಿದ್ದವು, ಮೈಸೂರು ಸಂಸ್ಥಾನದ ಸಂಬಳದ ಕ್ರಮವೇ ಬೇರೆ. ಆದ್ದರಿಂದ ಈ ಊರುಗಳ ಕಾರಕೂನರ ಸಂಬಳ ಒಂದೇ ರೀತಿ ಇರಬೇಕೆಂದೇನೂ ಇಲ್ಲ.

ಕೆಳ ಸಂಬಳದವರಿಗಾಗಿ ಹತ್ತೊಂಬತ್ತನೆಯ ಶತಮಾನದಿಂದ ಒಂದು ಹಳೆಯ ಏರ್ಪಾಡು ಇತ್ತು, ಧಾನ್ಯ ಪರಿಹಾರ ಭತ್ಯೆ. ಜಿಲ್ಲೆ ಜಿಲ್ಲೆಗಳಿಂದ ಬೆಲೆಪಟ್ಟಿಗಳು ಗೆಜೆಟ್ಟಿನಲ್ಲಿ ಪ್ರಕಟವಾಗುತ್ತಿದ್ದವು. ರೂಪಾಯಿಗೆ ಇಷ್ಟು ಸೇರು ಜೋಳ, ಇಷ್ಟು ಸೇರು ಅಕ್ಕಿ ಎಂದು ಬರೆಯುತ್ತಿದ್ದರು. ಆ ಭಾಗದ ಮುಖ್ಯ ಧಾನ್ಯ ರೂಪಾಯಿಗೆ ನಿಗದಿತ ಸೇರಿಗಿಂತ ಕಡಿಮೆ ಸಿಗತೊಡಗಿದರೆ ಪಟ್ಟೇವಾಲ, ಜವಾನರಂತಹ ಕೆಳದರ್ಜೆಯವರಿಗೆ ಸ್ವಲ್ಪ ಹಣ ಸೇರಿಸಿ ಕೊಡುತ್ತಿದ್ದರು. ಬೆಲೆ ಇಳಿದ ಕೂಡಲೇ ನಿಲ್ಲಿಸುತ್ತಿದ್ದರು. ಸರಳ ವ್ಯವಸ್ಥೆ, ಆದರೆ ಮನುಷ್ಯ ಕೇವಲ ಧಾನ್ಯ ತಿಂದು ಬದುಕುತ್ತಾನೆ, ಬಟ್ಟೆ, ಬಾಡಿಗೆ, ಮಗಳ ಮದುವೆ, ಕಷಾಯದ ಖರ್ಚು ಅವನಿಗಿಲ್ಲ ಎಂಬ ಊಹೆ ಅದರೊಳಗಿದೆ. ಮಧ್ಯದಲ್ಲಿದ್ದ ಕಾರಕೂನ ವರ್ಗಕ್ಕಂತೂ ಇದು ಸಾಮಾನ್ಯವಾಗಿ ತಲುಪುತ್ತಲೇ ಇರಲಿಲ್ಲ. ಬಿಳಿ ಅಂಗಿ ತೊಟ್ಟು, ಮಕ್ಕಳನ್ನು ಹೈಸ್ಕೂಲಿಗೆ ಕಳುಹಿಸಿ, ಸಾಲ ಮಾಡಿ ಬದುಕಿದ ಈ ವರ್ಗ ಎರಡೂ ಅಳತೆಗಳ ನಡುವೆ ಬಿದ್ದುಹೋಗಿತ್ತು.

ಜೀವನವೆಚ್ಚವನ್ನು ಸಮಗ್ರವಾಗಿ ಅಳೆಯುವ ಕೆಲಸ ಮುಂಬಯಿಯಲ್ಲಿ ಆರಂಭವಾದದ್ದು ಕಾರ್ಮಿಕರ ಮುಷ್ಕರಗಳ ಒತ್ತಡದಿಂದ. 1921ರಲ್ಲಿ ಪ್ರಾಂತ ಸರ್ಕಾರ ಲೇಬರ್ ಆಫೀಸನ್ನು ತೆರೆಯಿತು. 1914ರ ಜುಲೈಯನ್ನು 100 ಎಂದಿಟ್ಟುಕೊಂಡು ಮುಂಬಯಿ ಕಾರ್ಮಿಕರ ಜೀವನವೆಚ್ಚದ ಸೂಚ್ಯಂಕ ತಿಂಗಳು ತಿಂಗಳು ಪ್ರಕಟವಾಗತೊಡಗಿತು. ಮುಂದೆ ಕುಟುಂಬಗಳ ಆಯವ್ಯಯದ ಹೊಸ ಸಮೀಕ್ಷೆಯ ಮೇಲೆ 1933-34ರ ಆಧಾರದ ಹೊಸ ಸರಣಿ ಬಂತು.

ಸೂಚ್ಯಂಕ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಕಲ್ಪಿತ ಮನೆಯ ಲೆಕ್ಕದಲ್ಲಿ ನೋಡೋಣ. ತಿಂಗಳಿಗೆ 40 ರೂಪಾಯಿಯ ಸಂಸಾರ. ಆಹಾರಕ್ಕೆ 20, ಉರುವಲು ದೀಪಕ್ಕೆ 3, ಬಟ್ಟೆಗೆ 4, ಬಾಡಿಗೆಗೆ 5, ಉಳಿದದ್ದಕ್ಕೆ 8. ಯುದ್ಧ ಬಂದು ಆಹಾರವೂ ಉರುವಲೂ ಎರಡು ಪಟ್ಟು, ಬಟ್ಟೆ ಎರಡೂವರೆ ಪಟ್ಟು, ಉಳಿದದ್ದು ಒಂದೂವರೆ ಪಟ್ಟು ಆಯಿತು, ಬಾಡಿಗೆ ಹಾಗೆಯೇ ಉಳಿಯಿತು ಎನ್ನೋಣ. ಈಗ ಅದೇ ಬದುಕಿಗೆ 73 ರೂಪಾಯಿ ಬೇಕು. ಸೂಚ್ಯಂಕ ಸುಮಾರು 182. ಪೂರ್ತಿ ತುಂಬಿಕೊಡುವುದಾದರೆ ಭತ್ಯೆ 33 ರೂಪಾಯಿ ಆಗಬೇಕು. ಯುದ್ಧಕಾಲದಲ್ಲಿ ಯಾವ ಸರ್ಕಾರವೂ ಹಾಗೆ ಕೊಡಲಿಲ್ಲ, ಕೊಟ್ಟದ್ದು ಒಂದು ಭಾಗ ಮಾತ್ರ. ಬೆಲೆ ಏರಿಕೆಯ ಹೊರೆಯನ್ನು ಎಲ್ಲರೂ ಹಂಚಿಕೊಳ್ಳಬೇಕು, ಎಲ್ಲರ ಕೈಗೂ ಹೆಚ್ಚು ಹಣ ಕೊಟ್ಟರೆ ಮಾರುಕಟ್ಟೆಯಲ್ಲಿ ಬೆಲೆ ಮತ್ತಷ್ಟು ಏರುತ್ತದೆ ಎಂಬುದು ಆಗಿನ ಸಮರ್ಥನೆ. ಈ ವಾದದಲ್ಲಿ ಸತ್ಯಾಂಶವಿಲ್ಲ ಎನ್ನಲಾರೆ. ಆದರೆ 2,000 ರೂಪಾಯಿ ಸಂಬಳದವನು ಉಳಿತಾಯದಲ್ಲಿ ಹೊರೆ ಹೊರುತ್ತಾನೆ, 40 ರೂಪಾಯಿಯವನು ಮಕ್ಕಳ ತಟ್ಟೆಯಲ್ಲಿ ಹೊರುತ್ತಾನೆ.

ಈ ವ್ಯತ್ಯಾಸಕ್ಕೆ ನ್ಯಾಯದ ರೂಪ ಕೊಟ್ಟವರು ಮಂಗಳೂರಿನ ಬೆನಗಲ್ ಮನೆತನದ ಸರ್ ಬೆನಗಲ್ ನರಸಿಂಗ ರಾವ್. ಸಂವಿಧಾನ ರಚನಾಸಭೆಯ ಸಲಹೆಗಾರರೆಂದು ಅವರನ್ನು ಬಲ್ಲವರು ಬಹಳ ಜನ. ಆದರೆ 1940ರಲ್ಲಿ, ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದಾಗ, ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ಕಾರ್ಮಿಕರು ತುಟ್ಟಿಭತ್ಯೆ ಕೇಳಿದ ವಿವಾದದಲ್ಲಿ ವಿಚಾರಣಾ ನ್ಯಾಯಾಲಯದ (ಕೋರ್ಟ್ ಆಫ್ ಎನ್‌ಕ್ವೈರಿ) ಅಧ್ಯಕ್ಷರಾಗಿ ಅವರು ಮಾಡಿದ ಕೆಲಸ ಕೋಟ್ಯಂತರ ಮನೆಗಳನ್ನು ಮುಟ್ಟಿತು. ಬೆಲೆ ಏರಿಕೆಯಿಂದ ಬದುಕಿನ ಕನಿಷ್ಠ ಮಟ್ಟಕ್ಕೂ ಕುತ್ತು ಬರುವ ಕೆಳ ಸಂಬಳದವರಿಗೆ ಪರಿಹಾರ ಸಲ್ಲಬೇಕು ಎಂಬ ನಿಲುವು, ದೊಡ್ಡ ನಗರ, ಸಣ್ಣ ಪಟ್ಟಣ, ಹಳ್ಳಿ ಎಂದು ಬೇರೆ ಬೇರೆ ವಲಯಗಳಿಗೆ ಬೇರೆ ಬೇರೆ ದರ, ಮುಖ್ಯವಾಗಿ ದೇಶದ ನಾನಾ ಕೇಂದ್ರಗಳಲ್ಲಿ ಜೀವನವೆಚ್ಚದ ಸೂಚ್ಯಂಕವನ್ನು ಕ್ರಮವಾಗಿ ಸಿದ್ಧಪಡಿಸಬೇಕೆಂಬ ಸಲಹೆ, ಇವೆಲ್ಲ ಆ ವಿಚಾರಣೆಯಿಂದ ಬಂದವು. ಭಾರತ ಸರ್ಕಾರ ಅದನ್ನು ಒಪ್ಪಿ ಎಸ್. ಆರ್. ದೇಶಪಾಂಡೆಯವರ ನಿರ್ದೇಶನದಲ್ಲಿ ಕುಟುಂಬ ಸಮೀಕ್ಷೆಗಳನ್ನು ನಡೆಸಿತು. 1944ನ್ನು 100 ಎಂದಿಟ್ಟುಕೊಂಡ ಸೂಚ್ಯಂಕಗಳು ಅಲ್ಲಿಂದ ಹುಟ್ಟಿದವು. ರೈಲ್ವೆಯ ಹಮಾಲ, ಗ್ಯಾಂಗ್‌ಮನ್‌ಗಳಿಗಾಗಿ ಎದ್ದ ಪ್ರಶ್ನೆಯೇ ಕ್ರಮೇಣ ಕಚೇರಿಯ ಕಾರಕೂನರಿಗೂ ದಾರಿ ತೆರೆಯಿತು. ನಿಮ್ಮ ಅಜ್ಜನ ಕಾಗದಗಳಲ್ಲಿ ಯುದ್ಧದ ವರ್ಷಗಳಿಂದ ತುಟ್ಟಿಭತ್ಯೆ ಕಾಣಿಸಿಕೊಳ್ಳುವುದರ ಹಿನ್ನೆಲೆ ಇದು.

ಯುದ್ಧಕಾಲದ ಲೆಕ್ಕದಲ್ಲಿ ದೊಡ್ಡ ಲೋಪವೊಂದಿತ್ತು. ಮುಂಬಯಿ ನಗರದಲ್ಲಿ 1943ರ ಮೇ ತಿಂಗಳಲ್ಲಿ ಪಡಿತರ ಬಂತು, ಉಳಿದೆಡೆಯೂ ನಿಯಂತ್ರಣ ಬೆಲೆಗಳು ಬಂದವು. ಸೂಚ್ಯಂಕದಲ್ಲಿ ಸೇರುತ್ತಿದ್ದದ್ದು ನಿಯಂತ್ರಣ ಬೆಲೆ. ಮನೆಯವರು ಕೊಳ್ಳಬೇಕಾದದ್ದು ಎಷ್ಟೋ ಸಲ ಕಾಳಸಂತೆಯಲ್ಲಿ, ಅದೂ ಮೊದಲಿಗಿಂತ ಕೀಳಾದ ಸರಕನ್ನು. ಪಡಿತರದಲ್ಲಿ ಸಿಕ್ಕ ನುಚ್ಚಕ್ಕಿಯನ್ನೂ ಯುದ್ಧಪೂರ್ವದ ಒಳ್ಳೆಯ ಅಕ್ಕಿಯನ್ನೂ ಒಂದೇ ಪದಾರ್ಥವೆಂದು ಎಣಿಸಿದರೆ ಸೂಚ್ಯಂಕ ತಣ್ಣಗಿರುತ್ತದೆ, ಮನೆ ಬೇಯುತ್ತಿರುತ್ತದೆ. ಬಾಡಿಗೆಯ ವಿಷಯವೂ ಹಾಗೆಯೇ. ಹಳೆಯ ಮನೆಯಲ್ಲಿ ಇದ್ದವನಿಗೆ ಬಾಡಿಗೆ ಏರಲಿಲ್ಲ ನಿಜ. ವರ್ಗವಾಗಿ ಹುಬ್ಬಳ್ಳಿಗೆ ಬಂದು ಮನೆ ಹುಡುಕಿದವನ ಪಾಡು ಆ ಅಂಕಿಯಲ್ಲಿ ಇರಲಿಲ್ಲ.

ಇನ್ನೊಂದು ವಿಷಯವನ್ನೂ ನ್ಯಾಯಕ್ಕಾಗಿ ಹೇಳಬೇಕು. 1930ರ ದಶಕದ ಮಹಾಕುಸಿತದಲ್ಲಿ ಬೆಲೆಗಳು ಬಿದ್ದಾಗ ಸಂಬಳವಿದ್ದವರಿಗೆ ಅದು ಅನುಕೂಲವೇ ಆಯಿತು. 1931ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರ ಸಂಬಳದಲ್ಲಿ ಶೇಕಡ 10 ಕಡಿತ ಮಾಡಿತು, 1933ರಲ್ಲಿ ಅದನ್ನು 5ಕ್ಕೆ ಇಳಿಸಿ, 1935ರಲ್ಲಿ ರದ್ದು ಮಾಡಿತು. ಅದೇ ಹೊತ್ತಿನಲ್ಲಿ ಹತ್ತಿ, ಜೋಳ ಬೆಳೆದ ರೈತನ ಆದಾಯ ಪಾತಾಳಕ್ಕೆ ಹೋಗಿತ್ತು.

ಎಲ್ಲ ಎಳೆಗಳೂ ಸೇರಿದ್ದು 1947ರ ಮೇ ತಿಂಗಳಲ್ಲಿ, ವರದಾಚಾರಿಯಾರ್ ಅಧ್ಯಕ್ಷತೆಯ ಮೊದಲ ಕೇಂದ್ರ ವೇತನ ಆಯೋಗದ ವರದಿಯಲ್ಲಿ. 1939ನ್ನು 100 ಎಂದರೆ ಬೆಲೆಗಳು ಮುಂದೆ 160ರಿಂದ 175ರ ನಡುವೆ ನಿಲ್ಲುತ್ತವೆ ಎಂದು ನಂಬಿ ಮೂಲವೇತನವನ್ನು ನಿಗದಿ ಮಾಡಿದರು. ಅದಕ್ಕಿಂತ ಮೇಲಿನ ಏರಿಕೆಗೆ ತುಟ್ಟಿಭತ್ಯೆ. ತೀರ ಕೆಳಗಿನ ನೌಕರನಿಗೆ ಮೂಲವೇತನ 30, ತುಟ್ಟಿಭತ್ಯೆ 25, ಒಟ್ಟು 55 ರೂಪಾಯಿ. ಅತಿ ಹೆಚ್ಚಿನ ಸಂಬಳ 2,000. ಸಂಬಳ ಏರಿದಂತೆ ಭತ್ಯೆಯ ಪ್ರಮಾಣ ಇಳಿಯುವ ಪದ್ಧತಿಯೂ ಅಲ್ಲಿತ್ತು. ಬೆಲೆಗಳು ಇಳಿದು ಬರುತ್ತವೆ ಎಂಬ ನಂಬಿಕೆ ಹುಸಿಯಾಯಿತು, ತಾತ್ಕಾಲಿಕವೆಂದು ಬಂದ ಭತ್ಯೆ ಶಾಶ್ವತವಾಯಿತು.

ಭಾರತದ ಹೊರಗಿನ ಬ್ರಿಟಿಷ್ ವಸಾಹತುಗಳಲ್ಲಿ ಕಥೆ ಇನ್ನೂ ಬಿಚ್ಚಾಗಿತ್ತು. ಪೂರ್ವ ಆಫ್ರಿಕಾದ ನೌಕರಿಗಳ ಬಗ್ಗೆ 1948ರಲ್ಲಿ ವರದಿ ಕೊಟ್ಟ ಹೋಮ್ಸ್ ಆಯೋಗ, ಯುರೋಪಿಯನ್ ಅಲ್ಲದ ಅಧಿಕಾರಿಗೆ ಅದೇ ಹುದ್ದೆಯ ಯುರೋಪಿಯನ್ ಸಂಬಳದ ಐದರಲ್ಲಿ ಮೂರು ಭಾಗ ಸಾಕು ಎಂದಿತು. ಗುಜರಾತು, ಪಂಜಾಬು, ಗೋವೆಗಳಿಂದ ಹೋಗಿ ನೈರೋಬಿ, ಕಂಪಾಲಗಳ ಕಚೇರಿಗಳಲ್ಲಿ ದುಡಿದವರ ಪೇಟೆಯೂ ಸಾಹೇಬರ ಪೇಟೆಯೂ ಒಂದೇ ಆಗಿದ್ದರೂ ಲೆಕ್ಕ ಬೇರೆ. 1954ರಲ್ಲಿ ಲಿಡ್ಬರಿ ಆಯೋಗ ಈ ಜನಾಂಗೀಯ ಶ್ರೇಣಿಯನ್ನು ತೆಗೆದು, ಎಲ್ಲರಿಗೂ ಒಂದೇ ಮೂಲವೇತನ, ಹೊರಗಿನಿಂದ ಕರೆಸಿಕೊಂಡವರಿಗೆ ಪ್ರತ್ಯೇಕ ಹೆಚ್ಚುವರಿ ಹಣ ಎಂಬ ಕ್ರಮಕ್ಕೆ ಬಂತು. ಐಲಿಂಗ್ಟನ್ ಆಯೋಗದ ಹಳೆಯ ಚೌಕಟ್ಟೇ ಅಲ್ಲಿ ಮರಳಿ ಕಾಣಿಸುತ್ತದೆ.

ನಿಮ್ಮ ಅಜ್ಜನ ಕಾಗದಗಳಿಂದ ನೀವೇ ಈ ಲೆಕ್ಕವನ್ನು ಮಾಡಬಹುದು. ಪ್ರತಿ ವರ್ಷದ ಮೂಲವೇತನ, ತುಟ್ಟಿಭತ್ಯೆ ಎರಡನ್ನೂ ಬರೆದುಕೊಳ್ಳಿ. 1939ರ ಮೂಲವೇತನಕ್ಕೆ ಹೋಲಿಸಿ ಒಟ್ಟು ಕೈಗೆ ಬಂದ ಹಣ ಎಷ್ಟು ಪಟ್ಟಾಯಿತು ನೋಡಿ. ಅದರ ಪಕ್ಕದಲ್ಲಿ ಮುಂಬಯಿ ಸರ್ಕಾರದ ಲೇಬರ್ ಗೆಜೆಟ್ಟಿನಲ್ಲಿ ಆ ವರ್ಷಗಳಿಗೆ ಪ್ರಕಟವಾದ ಸೂಚ್ಯಂಕವನ್ನು ಇಡಿ. ಸೊಲ್ಲಾಪುರದ ಅಂಕಿ ಸಿಕ್ಕರೆ ಅದನ್ನೇ ಬಳಸಿ, ಧಾರವಾಡದವರ ಜೋಳದ ಊಟಕ್ಕೆ ಅದು ಮುಂಬಯಿಗಿಂತ ಹತ್ತಿರ. ಎರಡರ ನಡುವಿನ ಅಂತರವೇ ಅಜ್ಜನ ಸಂಸಾರ ತನ್ನ ಜೇಬಿನಿಂದ, ಒಡವೆಯಿಂದ, ಹೊಲದಿಂದ ತುಂಬಿಕೊಂಡ ಹಣ. ತುಟ್ಟಿಭತ್ಯೆಯ ದರ ಬದಲಾದ ಆದೇಶಗಳಿಗಾಗಿ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಹಣಕಾಸು ಇಲಾಖೆಯ ಕಡತಗಳನ್ನು ಕೇಳಿ. ಪ್ರಾಂತದ ದಾಖಲೆಗಳು ಉಳಿದಿರುವುದು ಅಲ್ಲಿ. ಬೆಂಗಳೂರಿನಲ್ಲಿ ಹುಡುಕಲು ಆರಂಭಿಸಿ ಸಮಯ ಕಳೆಯಬೇಡಿ.